ಗಿಡ ಸೊಂಟದೆತ್ತರ, ಗಡ್ಡೆ ಗೋಲಿಯಷ್ಟು: ಆಲೂಗಡ್ಡೆ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಅಡುಗೆಮನೆಯಲ್ಲಿ ಮೊಳಕೆ ಬಂದಿದ್ದ ಆಲೂಗಡ್ಡೆಗಳನ್ನು ತುಂಡು ಮಾಡಿ, ಅವತ್ತೇ ತಾರಸಿಯ ಗ್ರೋಬ್ಯಾಗ್‌ಗಳಲ್ಲಿ ನೆಟ್ಟೆ. ಕೆಲವು ತುಂಡು ಮೊಳೆಯಲೇ ಇಲ್ಲ, ಕೊಳೆತುಹೋದವು. ಉಳಿದವು ಸೊಂಪಾಗಿ ಸೊಂಟದೆತ್ತರಕ್ಕೆ ಬೆಳೆದವು. ವಾರಕ್ಕೊಮ್ಮೆ ಗೊಬ್ಬರದ ನೀರು ತಪ್ಪಿಸಿರಲಿಲ್ಲ. ಮೂರು ತಿಂಗಳಾದ ಮೇಲೆ ಚೀಲ ಸುರಿದರೆ ಸಿಕ್ಕಿದ್ದು ಗೋಲಿ ಗಾತ್ರದ ಏಳೆಂಟು ಗಡ್ಡೆ, ಅದರಲ್ಲೂ ಎರಡು ಹಸಿರು. ಎಲ್ಲಿ ತಪ್ಪಿತು? ಎತ್ತರದ ಚೀಲದಲ್ಲಿ ಮಣ್ಣು ತುಂಬುತ್ತಾ ಹೋದರೆ ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ, ನಿಜವೇ? ಅಗೆಯಲು ಸರಿಯಾದ ಸಮಯ ಯಾವುದು?

ಉತ್ತರ: ನಿಮ್ಮ ಗಿಡಕ್ಕೆ ರೋಗ ಬಂದಿರಲಿಲ್ಲ, ಹೊಟ್ಟೆಗೆ ಕಮ್ಮಿಯೂ ಆಗಿರಲಿಲ್ಲ. ಸೊಪ್ಪು ಬೆಳೆಸಲು ಬೇಕಾದ್ದೆಲ್ಲ ಅದಕ್ಕೆ ಧಾರಾಳವಾಗಿ ಸಿಕ್ಕಿತ್ತು. ಸೊಪ್ಪು ಸಾಕು, ಇನ್ನು ಗಡ್ಡೆ ಕಟ್ಟು ಅನ್ನುವ ಸೂಚನೆ ಮಾತ್ರ ಸಿಗಲಿಲ್ಲ. ಮನೆತೋಟದ ಆಲೂಗಡ್ಡೆ ಸೋಲುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಆ ಸೂಚನೆ ಯಾವುದು, ಅದನ್ನು ಗಿಡಕ್ಕೆ ತಲುಪಿಸುವುದು ಹೇಗೆ ಅನ್ನುವುದರಿಂದಲೇ ಶುರುಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರ ಅದರ ಬೆನ್ನಿಗೇ ಬರುತ್ತದೆ.

ಮೊದಲು ಒಂದು ಆಲೂಗಡ್ಡೆಯನ್ನು ಕೈಗೆತ್ತಿಕೊಂಡು ಸರಿಯಾಗಿ ನೋಡಿ. ಒಂದು ತುದಿಯಲ್ಲಿ ಸಣ್ಣ ಒಣ ಗುರುತು ಇರುತ್ತದೆ. ಗಡ್ಡೆ ತಾಯಿಗಿಡಕ್ಕೆ ಅಂಟಿಕೊಂಡಿದ್ದ ಜಾಗ ಅದು. ಎದುರು ತುದಿಯಲ್ಲಿ ಕಣ್ಣುಗಳು ಒತ್ತಾಗಿರುತ್ತವೆ. ಕಣ್ಣಿಂದ ಕಣ್ಣಿಗೆ ಬೆರಳು ಸರಿಸುತ್ತಾ ಹೋಗಿ. ಅವು ಗಡ್ಡೆಯ ಸುತ್ತ ಸುರುಳಿಯಾಗಿ ಏರುವುದು ಗೊತ್ತಾಗುತ್ತದೆ. ಕೊಂಬೆಯ ಮೇಲೆ ಎಲೆಗಳು ಜೋಡಣೆಯಾಗಿರುವುದೂ ಹೀಗೆಯೇ. ಯಾಕೆಂದರೆ ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಪ್ರತಿ ಕಣ್ಣೂ ಒಂದು ಗಿಣ್ಣು, ಅದರಲ್ಲಿ ಮೊಗ್ಗುಗಳಿವೆ. ಕ್ಯಾರೆಟ್, ಮೂಲಂಗಿ, ಸಿಹಿಗೆಣಸು ಬೇರುಗಳು. ಅವುಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೆಟ್ಟ ಗಡ್ಡೆಯಿಂದ ಮೊಳಕೆ ಮೇಲಕ್ಕೆ ಬರುತ್ತದೆ. ಮಣ್ಣಿನೊಳಗೆ ಉಳಿದ ಅದರ ಗಿಣ್ಣುಗಳಿಂದ ತೆಳ್ಳನೆಯ ಬಿಳಿ ಕವಲುಗಳು ಅಡ್ಡಡ್ಡವಾಗಿ ಹೊರಡುತ್ತವೆ. ಅವುಗಳ ತುದಿ ಕೊಕ್ಕೆಯಾಗಿ ಬಾಗಿರುತ್ತದೆ. ಸೂಚನೆ ಬಂದಾಗ ಆ ಕೊಕ್ಕೆಯ ಹಿಂದಿನ ಭಾಗ ಉಬ್ಬತೊಡಗುತ್ತದೆ. ಅದೇ ಮುಂದೆ ಗಡ್ಡೆ. ಇಲ್ಲಿ ಎರಡು ವಿಷಯ ನೆನಪಿಡಿ. ಗಡ್ಡೆ ಕಟ್ಟುವುದು ನೆಟ್ಟ ತುಂಡಿನ ಅಕ್ಕಪಕ್ಕ ಮತ್ತು ಮೇಲೆ, ಕೆಳಗಲ್ಲ. ಆ ಬಿಳಿ ಕವಲಿಗೆ ಬೆಳಕು ತಗುಲಿದರೆ ಅಥವಾ ಮಣ್ಣು ತೀರಾ ಬಿಸಿಯಾದರೆ ಅದು ಗಡ್ಡೆಯಾಗುವ ಬದಲು ಎಲೆ ಬಿಟ್ಟುಕೊಂಡು ಮೇಲೆದ್ದುಬಿಡುತ್ತದೆ.

ಸೂಚನೆ ಮುಖ್ಯವಾಗಿ ಬರುವುದು ರಾತ್ರಿಯ ತಂಪಿನಿಂದ. ಮಣ್ಣಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಅದಕ್ಕಿಂತ ಏರಿದಂತೆಲ್ಲ ಕಮ್ಮಿಯಾಗುತ್ತದೆ. 30ರ ಹತ್ತಿರ ಬಂದರೆ ಬಹುತೇಕ ನಿಂತೇಹೋಗುತ್ತದೆ. ಹಗಲಿನ ಬಿಸಿಲನ್ನು ಗಿಡ ತಡೆದುಕೊಳ್ಳುತ್ತದೆ. ರಾತ್ರಿಯೂ ಸೆಕೆ ಇದ್ದರೆ ಕಷ್ಟ. ಹಗಲು ಎಲೆ ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಗಿಡ ಬೆಚ್ಚನೆಯ ರಾತ್ರಿಯಲ್ಲಿ ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ. ಉಳಿದದ್ದು ಸೊಪ್ಪಿಗೆ ಹೋಗುತ್ತದೆ. ರಾತ್ರಿ ತಂಪಾಗಿದ್ದರೆ ಅದೇ ಸಕ್ಕರೆ ಕೆಳಗಿಳಿದು ಗಡ್ಡೆಯಲ್ಲಿ ಪಿಷ್ಟವಾಗಿ ಕೂರುತ್ತದೆ. ಹಗಲು ಚಿಕ್ಕದು, ರಾತ್ರಿ ಉದ್ದ ಇರುವ ಕಾಲವೂ ಗಡ್ಡೆ ಕಟ್ಟಲು ನೆರವಾಗುತ್ತದೆ.

ಇದಕ್ಕೆ ಕಾರಣ ಗಿಡದ ತವರಿನಲ್ಲಿದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, ಟಿಟಿಕಾಕಾ ಸರೋವರದ ಸುತ್ತಿನ ಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಜನ ಆಲೂಗಡ್ಡೆ ಬೆಳೆಯುತ್ತಿದ್ದರು. ಆ ಸರೋವರ ಇರುವುದೇ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ. ಅಲ್ಲಿ ಹಗಲು ಚುರುಕು ಬಿಸಿಲು, ರಾತ್ರಿ ನಡುಗುವ ಚಳಿ. ನಾವು ಎಲ್ಲೇ ಬೆಳೆಯಲಿ, ಗಿಡ ಕೇಳುವುದು ಅದನ್ನೇ. ಎಲೆಗೆ ಪೂರ್ತಿ ಬಿಸಿಲು ಬೇಕು, ಬುಡಕ್ಕೆ ತಂಪು ಬೇಕು.

ಹಾಗಾದರೆ ನೆಡುವುದು ಯಾವಾಗ? ಪ್ಯಾಕೆಟ್ಟಿನ ಮೇಲೆ ಬರೆದ ತಿಂಗಳನ್ನು ನಂಬಬೇಡಿ. ನೀವಿರುವ ಕಡೆ ವರ್ಷದಲ್ಲಿ ಅತಿ ತಂಪಾದ ರಾತ್ರಿಗಳು ಯಾವಾಗ ಬರುತ್ತವೆ ನೋಡಿ. ನೆಟ್ಟ ಮೇಲೆ 30ರಿಂದ 45 ದಿನದೊಳಗೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಅಲ್ಲಿಂದ ಒಂದೂವರೆ ತಿಂಗಳು ಅವು ದಪ್ಪವಾಗುವ ಕಾಲ. ಆ ಒಂದೂವರೆ ತಿಂಗಳು ತಂಪಿನೊಳಗೆ ಬೀಳುವ ಹಾಗೆ ಹಿಂದಕ್ಕೆ ಎಣಿಸಿ ನೆಡಿ. ಚಳಿಗಾಲದಲ್ಲಿ ಹಿಮ ಬೀಳುವ ಜಾಗವಾದರೆ ಲೆಕ್ಕ ಬೇರೆ. ಹಿಮ ತಾಗಿದರೆ ಎಳೆ ಎಲೆ ಕಪ್ಪಾಗಿ ಸತ್ತುಹೋಗುತ್ತದೆ. ಅಂಥ ಕಡೆ ಮಣ್ಣು 8–10 ಡಿಗ್ರಿಗೆ ಬೆಚ್ಚಗಾದ ಮೇಲೆ, ಮೊಳಕೆ ಮೇಲೆ ಬರುವ ಹೊತ್ತಿಗೆ ಹಿಮದ ಭಯ ಮುಗಿದಿರುವಂತೆ ನೆಡಬೇಕು.

ಕಾಲ ಸರಿಯಿದ್ದರೂ ತಾರಸಿಯ ಚೀಲ ಕೆಲಸ ಕೆಡಿಸಬಹುದು. ಕಾಂಕ್ರೀಟಿನ ಮೇಲೆ ಕೂತ ಕಪ್ಪು ಚೀಲ ಮಧ್ಯಾಹ್ನದ ಬಿಸಿಲಿಗೆ ನೆಲದ ಮಣ್ಣಿಗಿಂತ ತುಂಬಾ ಜಾಸ್ತಿ ಕಾಯುತ್ತದೆ. ಮೂರು ಗಂಟೆ ಹೊತ್ತಿಗೆ ಚೀಲದ ಅಂಚಿನಲ್ಲಿ ಬೆರಳು ಇಳಿಸಿ ನೋಡಿ. ಬೆಚ್ಚಗೆ ತಗುಲಿದರೆ ಅಲ್ಲಿ ಗಡ್ಡೆ ಕಟ್ಟುವುದು ಅನುಮಾನ. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯ ಚೀಲ ಬಳಸಿ. ಎರಡು ಇಟ್ಟಿಗೆಗಳ ಮೇಲಿಟ್ಟು ಅಡಿಯಲ್ಲಿ ಗಾಳಿಯಾಡಲು ಬಿಡಿ. ಬಿಸಿಲು ಹೊಡೆಯುವ ಮಗ್ಗುಲಿಗೆ ಹಲಗೆಯನ್ನೋ ಬೇರೆ ಕುಂಡವನ್ನೋ ಅಡ್ಡ ಇಡಿ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಅಥವಾ ತರಗೆಲೆ ಹೊದಿಸಿ. ಆದರೆ ಎಲೆಗೆ ನೆರಳು ಮಾಡಬೇಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು.

ಇನ್ನು ನೀವು ವಾರ ವಾರ ಕೊಟ್ಟ ಗೊಬ್ಬರದ ನೀರು. ಅದರಲ್ಲಿರುವುದು ಹೆಚ್ಚಾಗಿ ಸಾರಜನಕ. ಸಾರಜನಕ ಬರುತ್ತಲೇ ಇದ್ದರೆ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಗಡ್ಡೆ ಕಟ್ಟುವುದನ್ನು ಮುಂದೂಡುತ್ತದೆ. ಸೆಕೆ ಮತ್ತು ಸಾರಜನಕ ಎರಡೂ ಸೇರಿದರೆ ನೀವು ಕಂಡ ಹಾಗೆಯೇ ಆಗುತ್ತದೆ: ಮೇಲೆ ಕಾಡು, ಕೆಳಗೆ ಗೋಲಿ. ನೆಡುವಾಗ ಮಣ್ಣಿಗೆ ಮೂರನೇ ಒಂದು ಪಾಲಿನಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಬೆರೆಸಿ. ಮೊದಲ ಸಲ ಮಣ್ಣು ಏರಿಸುವಾಗ ಇನ್ನೊಂದು ಹಿಡಿ ಕೊಡಿ. ಅಷ್ಟು ಸಾಕು. ಹಸಿ ಸಗಣಿ ಹಾಕಲೇಬೇಡಿ. ಗಡ್ಡೆ ದಪ್ಪವಾಗಲು ಬೇಕಾದದ್ದು ಪೊಟ್ಯಾಷ್. ಅದಕ್ಕಾಗಿ ತುಂಬಾ ಜನ ಒಲೆಯ ಬೂದಿ ಸುರಿಯುತ್ತಾರೆ. ಬೇರೆ ಗಿಡಕ್ಕೆ ಪರವಾಗಿಲ್ಲ, ಆಲೂಗಡ್ಡೆಗೆ ಬೇಡ ಅನ್ನುವುದು ನನ್ನ ಸಲಹೆ. ಬೂದಿ ಮಣ್ಣನ್ನು ಕ್ಷಾರವಾಗಿಸುತ್ತದೆ. ಕ್ಷಾರ ಮಣ್ಣಿನಲ್ಲಿ ಗಡ್ಡೆಯ ಸಿಪ್ಪೆ ಒರಟಾಗಿ ಗಂಟುಗಟ್ಟುವ ಕಜ್ಜಿ ರೋಗ ಜಾಸ್ತಿ. ಸುಣ್ಣವನ್ನೂ ದೂರ ಇಡಿ. 5ರಿಂದ 6.5ರ ಪಿಎಚ್ ಇರುವ, ಸ್ವಲ್ಪ ಹುಳಿ ಗುಣದ ಮಣ್ಣೇ ಇದಕ್ಕೆ ಹಿತ. ಪೊಟ್ಯಾಷ್ ಕೊಡಲೇಬೇಕೆಂದರೆ ಪೊಟ್ಯಾಸಿಯಂ ಸಲ್ಫೇಟ್ ಬಳಸಿ. ಗಿಡಕ್ಕೆ ಒಂದು ಟೀ ಚಮಚ ಮೀರಬೇಡಿ.

ಈಗ ಕೊಳೆತ ತುಂಡುಗಳ ವಿಷಯ. ಕತ್ತರಿಸಿದ ದಿನವೇ ನೆಟ್ಟದ್ದು ಕಾರಣ. ಕತ್ತರಿಸಿದ ಮುಖ ಹಸಿ ಗಾಯ ಇದ್ದ ಹಾಗೆ. ಅದಕ್ಕೆ ಹೊಸ ಸಿಪ್ಪೆ ಕಟ್ಟಿಕೊಳ್ಳಲು ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಬೇಕು. ಆಮೇಲೆ ಬೆರಳಿನಿಂದ ಮುಟ್ಟಿದರೆ ಮುಖ ಒಣಗಿ ಬಿರುಸಾಗಿರುತ್ತದೆ, ಪಿಷ್ಟ ಕೈಗೆ ಅಂಟುವುದಿಲ್ಲ. ಅದಕ್ಕಿಂತ ಮೊದಲೇ ಬೆಚ್ಚನೆಯ ಒದ್ದೆ ಮಣ್ಣಿಗೆ ಇಳಿಸಿದರೆ ಕೊಳೆಯದೆ ಏನಾಗುತ್ತದೆ, ಅಲ್ವಾ? ನನ್ನನ್ನು ಕೇಳಿದರೆ ಕತ್ತರಿಸುವ ಗೊಡವೆಯೇ ಬೇಡ. ಕೋಳಿಮೊಟ್ಟೆ ಗಾತ್ರದ, 40–50 ಗ್ರಾಂ ತೂಗುವ ಇಡೀ ಗಡ್ಡೆಗಳನ್ನು ಆರಿಸಿ ನೆಡಿ. ದೊಡ್ಡವೇ ಸಿಕ್ಕಿದರೆ ಮಾತ್ರ ಕತ್ತರಿಸಿ. ಆಗಲೂ ಅಡ್ಡಕ್ಕೆ ಬೇಡ. ಕಣ್ಣು ಒತ್ತಾಗಿರುವ ತುದಿಯಿಂದ ಆ ಒಣ ಗುರುತಿನ ಕಡೆಗೆ ಉದ್ದಕ್ಕೆ ಸೀಳಿ. ಮೊದಲು ಮೊಳೆಯುವ ಚುರುಕಾದ ಕಣ್ಣುಗಳು ಮೇಲಿನ ತುದಿಯಲ್ಲೇ ಇರುತ್ತವೆ. ಉದ್ದಕ್ಕೆ ಸೀಳಿದರೆ ಪ್ರತಿ ತುಂಡಿಗೂ ಅದರಲ್ಲಿ ಪಾಲು ಸಿಗುತ್ತದೆ. ತುಂಡಿಗೆ ಕನಿಷ್ಠ ಎರಡು ಕಣ್ಣು ಇರಲಿ. ಒಂದು ಗಡ್ಡೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸೋಂಕುನಾಶಕದಲ್ಲಿ ಒರೆಸಿ. ಕೆಲವು ರೋಗಗಳು ಚಾಕುವಿನಲ್ಲೇ ಗಡ್ಡೆಯಿಂದ ಗಡ್ಡೆಗೆ ದಾಟುತ್ತವೆ.

ಅಡುಗೆಮನೆಯ ಗಡ್ಡೆ ನೆಡಬಹುದೇ? ನೆಟ್ಟರೆ ಗಿಡವೇನೋ ಬರುತ್ತದೆ. ಆದರೆ ತಿನ್ನಲು ಮಾರುವ ಗಡ್ಡೆಗೆ ಕೆಲವು ಸಲ ಮೊಳಕೆ ಬಾರದಂತೆ ಔಷಧಿ ಹಾಕಿರುತ್ತಾರೆ. ತಳಿ ಯಾವುದು, ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ನಂಜು ರೋಗ. ವೈರಸ್ ಹೊಕ್ಕ ಗಡ್ಡೆ ನೋಡಲು ಚೆನ್ನಾಗಿಯೇ ಇರುತ್ತದೆ, ತಿಂದರೆ ನಮಗೇನೂ ಆಗುವುದಿಲ್ಲ. ನೆಟ್ಟಾಗ ಮಾತ್ರ ಎಲೆ ಮುದುಡಿ, ಇಳುವರಿ ಅರ್ಧಕ್ಕಿಳಿಯಬಹುದು. ಬಿತ್ತನೆ ಗಡ್ಡೆಯನ್ನು ಈ ವೈರಸ್ ಹರಡುವ ಸಸ್ಯಹೇನು ಕಮ್ಮಿ ಇರುವ ಜಾಗ ಮತ್ತು ಕಾಲ ನೋಡಿ ಬೆಳೆಸುತ್ತಾರೆ, ಹೊಲದಲ್ಲೇ ತಪಾಸಣೆ ಮಾಡುತ್ತಾರೆ. ಪ್ರಮಾಣಿತ ಬಿತ್ತನೆ ಗಡ್ಡೆ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ನಯವಾದ, ಗಟ್ಟಿ, ಕಲೆಯಿಲ್ಲದ ಗಡ್ಡೆಗಳನ್ನು ಆರಿಸಿ. ಮೆತ್ತಗಾಗಿ ಸುಕ್ಕುಗಟ್ಟಿದ್ದು ಬೇಡ. ಹೊಸದಾಗಿ ಅಗೆದ ಗಡ್ಡೆಯೂ ಬೇಡ. ಅದಕ್ಕೆ ಎರಡು ಮೂರು ತಿಂಗಳ ನಿದ್ದೆ ಇರುತ್ತದೆ, ಅಲ್ಲಿವರೆಗೆ ಏನೇ ಮಾಡಿದರೂ ಮೊಳೆಯುವುದಿಲ್ಲ.

ಮೊಳಕೆಯಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಕತ್ತಲೆಯ ಬೀರುವಿನಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತದೆ. ನಮಗೆ ಬೇಕಾದದ್ದು ಗಿಡ್ಡ, ದಪ್ಪ, ಹಸಿರು ಅಥವಾ ನೇರಳೆ ಬಣ್ಣದ ಮೊಳಕೆ. ನೆಡುವ ಎರಡು ಮೂರು ವಾರ ಮೊದಲು ಗಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ, ಕಣ್ಣು ಒತ್ತಾಗಿರುವ ತುದಿ ಮೇಲಾಗಿ ಜೋಡಿಸಿ. ಬೆಳಕು ಚೆನ್ನಾಗಿರುವ, ನೇರ ಬಿಸಿಲು ಬೀಳದ, ತಂಪಾದ ಮೂಲೆಯಲ್ಲಿಡಿ. ಮೊಳಕೆ ಒಂದರಿಂದ ಎರಡು ಸೆಂಟಿಮೀಟರ್ ಆದಾಗ ನೆಡಿ. ಇಲ್ಲೇ ಇನ್ನೊಂದು ಆಯ್ಕೆ ನಿಮ್ಮ ಕೈಯಲ್ಲಿದೆ. ಮೊಳಕೆ ಜಾಸ್ತಿ ಉಳಿಸಿದರೆ ಗಡ್ಡೆಯ ಸಂಖ್ಯೆ ಜಾಸ್ತಿ, ಗಾತ್ರ ಸಣ್ಣದು. ಮೂರು ಉಳಿಸಿಕೊಂಡು ಮಿಕ್ಕದ್ದನ್ನು ಉಜ್ಜಿ ತೆಗೆದರೆ ಸಂಖ್ಯೆ ಕಮ್ಮಿ, ಗಾತ್ರ ದೊಡ್ಡದು.

ನೆಲದಲ್ಲಿ ಜಾಗವಿದ್ದರೆ ನೆಲವೇ ವಾಸಿ. ಮಣ್ಣನ್ನು ಒಂದಡಿ ಆಳಕ್ಕೆ ಸಡಿಲ ಮಾಡಿ, ಕಲ್ಲು ಹೆಂಟೆ ತೆಗೆಯಿರಿ. ಹೆಂಟೆಗೆ ತಾಗಿದ ಗಡ್ಡೆ ಸೊಟ್ಟಗಾಗುತ್ತದೆ. ಸಾಲಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 25–30 ಸೆಂಟಿಮೀಟರ್, ಆಳ ಸುಮಾರು 10 ಸೆಂಟಿಮೀಟರ್. ಚೀಲವಾದರೆ 35–40 ಸೆಂಟಿಮೀಟರ್ ಅಗಲ, ಅಷ್ಟೇ ಆಳ ಇರಲಿ. ಅಂಥ ಚೀಲಕ್ಕೆ ಎರಡು ಗಿಡ ಸಾಕು. ನಾಲ್ಕು ತುರುಕಿದರೆ ನಾಲ್ಕೂ ಸೊರಗುತ್ತವೆ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣನ್ನು ಮತ್ತೆ ಇದಕ್ಕೆ ಬಳಸಬೇಡಿ. ಎಲ್ಲವೂ ಒಂದೇ ಕುಟುಂಬದವು, ರೋಗಗಳನ್ನೂ ಹಂಚಿಕೊಳ್ಳುತ್ತವೆ. ಮೂರು ವರ್ಷದ ಅಂತರ ಇರಲಿ.

ಈಗ ಆ ಎತ್ತರದ ಚೀಲದ ವಿಡಿಯೊ. ಮಣ್ಣು ಏರಿಸುವುದು ನಿಜಕ್ಕೂ ಬೇಕಾದ ಕೆಲಸ. ಗಿಡ 15–20 ಸೆಂಟಿಮೀಟರ್ ಬೆಳೆದಾಗ, ಮೇಲಿನ ಮೂರನೇ ಒಂದು ಭಾಗ ಬಿಟ್ಟು ಉಳಿದ ಕಾಂಡ ಮುಚ್ಚುವಂತೆ ಸಡಿಲ ಮಣ್ಣು ಏರಿಸಬೇಕು. ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ. ಚೀಲವಾದರೆ ಮೊದಲು ಅರ್ಧ ಮಾತ್ರ ತುಂಬಿಸಿ ನೆಟ್ಟು, ಆಮೇಲೆ ಹೀಗೆ ತುಂಬುತ್ತಾ ಬನ್ನಿ. ಇದರಿಂದ ಬಿಳಿ ಕವಲುಗಳಿಗೆ ಕತ್ತಲೆ ಸಿಗುತ್ತದೆ, ಗಡ್ಡೆಗೆ ಬೆಳಕು ತಗುಲುವುದಿಲ್ಲ, ಬುಡ ತಂಪಾಗಿರುತ್ತದೆ. ಆದರೆ ಐದಾರು ಅಡಿ ಎತ್ತರಕ್ಕೆ ತುಂಬಿದರೆ ಅಡಿಯಿಂದ ಮೇಲಿನವರೆಗೆ ಗಡ್ಡೆ ಗೊಂಚಲು ಕಟ್ಟುತ್ತದೆ ಅನ್ನುವುದು ನಡೆಯದ ಮಾತು. ಸಾಮಾನ್ಯ ತಳಿಗಳು ಗಡ್ಡೆ ಕಟ್ಟುವುದು ನೆಟ್ಟ ಗಡ್ಡೆಯ ಮೇಲಿನ ಒಂದು ಸಣ್ಣ ಪಟ್ಟಿಯಲ್ಲಿ. ಆ ಕೆಲಸ ಗಿಡ ಚಿಕ್ಕದಿದ್ದಾಗಲೇ ಶುರುವಾಗಿ ಬೇಗ ಮುಗಿಯುತ್ತದೆ. ಅದರ ಮೇಲೆ ಎಷ್ಟು ಮಣ್ಣು ಸುರಿದರೂ ಬರುವುದು ಬೇರು ಮತ್ತು ಕಾಂಡ. ಪದೇ ಪದೇ ಎಲೆ ಮುಚ್ಚಿದರೆ ಅಡುಗೆ ಮಾಡುವ ಎಲೆಯನ್ನೇ ಕಿತ್ತುಕೊಂಡಂತೆ, ಗಿಡಕ್ಕೆ ನಷ್ಟ. ಒಟ್ಟು 25–30 ಸೆಂಟಿಮೀಟರ್ ಮಣ್ಣಿನ ಹೊದಿಕೆ ಸಾಕು. ಅಷ್ಟೊಂದು ಮಣ್ಣು, ಗೊಬ್ಬರ ಇದ್ದರೆ ಇನ್ನೆರಡು ಚೀಲ ತುಂಬಿ ಇನ್ನೆರಡು ಗಿಡ ನೆಡಿ, ಅದು ಲಾಭ.

ನಿಮ್ಮ ಎರಡು ಹಸಿರು ಗಡ್ಡೆ ಮಣ್ಣಿನಿಂದ ಇಣುಕಿದ್ದಿರಬೇಕು. ಆ ಹಸಿರು ಎಲೆಯಲ್ಲಿರುವ ಹಸಿರೇ, ಅದರಿಂದ ತೊಂದರೆಯಿಲ್ಲ. ಆದರೆ ಬೆಳಕು ಬಿದ್ದ ಗಡ್ಡೆಯಲ್ಲಿ ಅದರ ಜೊತೆಗೇ ಸೊಲನೈನ್, ಚಾಕೊನೈನ್ ಎಂಬ ವಿಷಗಳೂ ಹೆಚ್ಚುತ್ತವೆ. ಬೇಯಿಸಿದರೂ ಕರಿದರೂ ಅವು ಪೂರ್ತಿ ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ ಬರಬಹುದು. ಸಣ್ಣ ಚುಕ್ಕೆಯಷ್ಟಿದ್ದರೆ ಅಲ್ಲಿ ದಪ್ಪಗೆ ಕೆತ್ತಿ ತೆಗೆಯಿರಿ. ಜಾಸ್ತಿ ಹಸಿರಾಗಿದ್ದರೆ ಅಥವಾ ಬಾಯಿಗಿಟ್ಟಾಗ ಕಹಿಯಾದರೆ ಎಸೆಯಿರಿ. ಮಕ್ಕಳಿಗೆ ಕೊಡಲೇಬೇಡಿ.

ನೀರಿನಲ್ಲಿ ಒಂದೇ ಸಮ ಇರುವುದು ಮುಖ್ಯ. ಎರಡು ಇಂಚು ಆಳದ ಮಣ್ಣನ್ನು ಹಿಡಿದು ಒತ್ತಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಗಡ್ಡೆ ಕಟ್ಟುವ ಹೊತ್ತಿನಲ್ಲಿ ಒಣಗಿದರೆ ಗಡ್ಡೆಗಳ ಸಂಖ್ಯೆಯೇ ಇಳಿಯುತ್ತದೆ, ಕಜ್ಜಿಯೂ ಜಾಸ್ತಿ. ಒಣಗಿಸಿ, ಆಮೇಲೆ ಒಮ್ಮೆಲೇ ತುಂಬಾ ನೀರು ಕೊಟ್ಟರೆ ಗಡ್ಡೆ ಬಿರಿಯುತ್ತದೆ, ಗಡ್ಡೆಯ ಮೇಲೆ ಮರಿಗಡ್ಡೆ ಏಳುತ್ತದೆ, ಒಳಗೆ ಪೊಳ್ಳು ಬೀಳುತ್ತದೆ. ಅಗೆದಾಗ ಸಿಪ್ಪೆಯ ಮೇಲೆ ಬಿಳಿ ಗುಳ್ಳೆಗಳ ಹಾಗೆ ಎದ್ದಿದ್ದರೆ ನೀರು ಜಾಸ್ತಿಯಾಗಿ ಗಡ್ಡೆಗೆ ಉಸಿರು ಕಟ್ಟಿತ್ತು ಅಂತ ಅರ್ಥ. ನೀರನ್ನು ಬೆಳಗ್ಗೆ, ಬುಡಕ್ಕೇ ಹಾಕಿ. ಎಲೆ ಒದ್ದೆಯಾಗಿ ರಾತ್ರಿ ಕಳೆದರೆ ರೋಗಕ್ಕೆ ಬಾಗಿಲು ತೆರೆದಂತೆ.

ರೋಗಗಳಲ್ಲಿ ಎರಡನ್ನು ನೀವು ಗುರುತಿಸಲು ಕಲಿಯಲೇಬೇಕು. ಮೊದಲನೆಯದು ಅಂಗಮಾರಿ. ತಂಪು ಮತ್ತು ತೇವ ಒಟ್ಟಿಗಿದ್ದಾಗ ಎಲೆಯ ಅಂಚಿನಲ್ಲಿ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ ಬರುತ್ತದೆ. ಬೆಳಗ್ಗೆ ಎಲೆ ತಿರುಗಿಸಿ ನೋಡಿದರೆ ಮಚ್ಚೆಯ ಅಂಚಿಗೆ ಬಿಳಿ ಬೂಸ್ಟು. ಅಲ್ಲಿಂದ ಕೆಲವೇ ದಿನಗಳಲ್ಲಿ ಇಡೀ ಗಿಡ ಕರಟಿಹೋಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಂದದ್ದು ಇದೇ. ಅಲ್ಲಿನ ಬಡವರು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿಯನ್ನು ನಂಬಿದ್ದರು. ಗಡ್ಡೆಯಿಂದ ಬೆಳೆದ ಗಿಡಗಳೆಲ್ಲ ಒಂದೇ ರಕ್ತ. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಕೆಲವೇ ವರ್ಷಗಳಲ್ಲಿ ಹಸಿವು ಮತ್ತು ಕಾಯಿಲೆಗೆ ಸುಮಾರು 10 ಲಕ್ಷ ಜನ ಸತ್ತರು. ನಾಲ್ಕೇ ಚೀಲವಿದ್ದರೂ ಎರಡು ತಳಿ ಬೆಳೆಯಿರಿ ಅಂತ ನಾನು ಹೇಳುವುದು ಇದಕ್ಕೇ. ಗಿಡಗಳ ನಡುವೆ ಗಾಳಿಯಾಡಲಿ. ಮೋಡ ಮುಸುಕಿದ ತೇವದ ವಾರಗಳು ಬರುವ ಮುನ್ಸೂಚನೆ ಇದ್ದರೆ ತಾಮ್ರದ ಶಿಲೀಂಧ್ರನಾಶಕವನ್ನು ಲೇಬಲ್ಲಿನಲ್ಲಿರುವ ಪ್ರಮಾಣದಲ್ಲಿ ಮೊದಲೇ ಸಿಂಪಡಿಸಿ. ಅದು ತಡೆಯುತ್ತದೆ, ಬಂದ ರೋಗವನ್ನು ವಾಸಿ ಮಾಡುವುದಿಲ್ಲ. ರೋಗ ಹಬ್ಬಿದರೆ ಸೊಪ್ಪನ್ನು ಬುಡಕ್ಕೆ ಕತ್ತರಿಸಿ ದೂರ ಒಯ್ಯಿರಿ, ಕಾಂಪೋಸ್ಟಿಗೆ ಹಾಕಬೇಡಿ. ಎರಡು ವಾರ ಬಿಟ್ಟು, ಮಣ್ಣು ಒಣಗಿದ ದಿನ ಗಡ್ಡೆ ಅಗೆಯಿರಿ.

ಎರಡನೆಯದು ದುಂಡಾಣು ಸೊರಗು ರೋಗ. ಮಣ್ಣು ತೇವ ಇದೆ, ಎಲೆ ಹಸಿರಾಗಿಯೇ ಇದೆ, ಆದರೂ ಗಿಡ ಜೋತುಬಿದ್ದಿದೆ. ಇಂಥ ಗಿಡದ ಬುಡದಿಂದ ಎರಡು ಮೂರು ಇಂಚು ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ಮುಖ ನೀರಿಗೆ ತಾಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲಿನಂಥ ಬಿಳಿ ಎಳೆ ನೀರಿನಲ್ಲಿ ಕೆಳಗಿಳಿದರೆ ಅದೇ ರೋಗ. ಆ ಎಳೆಯಲ್ಲಿರುವುದು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇದಕ್ಕೆ ಔಷಧಿಯಿಲ್ಲ. ಗಿಡ, ಗಡ್ಡೆ, ಆ ಚೀಲದ ಮಣ್ಣು ಎಲ್ಲವನ್ನೂ ತೆಗೆದುಹಾಕಿ. ಆ ಮಣ್ಣು ಬದನೆ, ಟೊಮೆಟೊಗೂ ಆಗುವುದಿಲ್ಲ.

ಸಸ್ಯಹೇನು ಕಂಡರೆ ಎಲೆಯ ಅಡಿಗೆ ನೀರು ಜೋರಾಗಿ ಸಿಂಪಡಿಸಿ, ಬೇವಿನೆಣ್ಣೆಯೂ ಆಗುತ್ತದೆ. ಗಡ್ಡೆ ಕೊರೆಯುವ ಪತಂಗ ಬಿಸಿ ಒಣಹವೆಯಲ್ಲಿ ಮಣ್ಣಿನ ಬಿರುಕಿನಿಂದ ಒಳಗಿಳಿಯುತ್ತದೆ. ಮಣ್ಣು ಬಿರಿಯಲು ಬಿಡದಿದ್ದರೆ ಅರ್ಧ ಗೆದ್ದಂತೆ.

ಹೂವು ಬರಲಿಲ್ಲ ಅಂತ ಚಿಂತೆ ಬೇಡ. ಎಷ್ಟೋ ತಳಿಗಳು ಹೂ ಬಿಡದೆಯೇ ಒಳ್ಳೆಯ ಗಡ್ಡೆ ಕೊಡುತ್ತವೆ. ಹೂವಾದ ಮೇಲೆ ಒಮ್ಮೊಮ್ಮೆ ಸಣ್ಣ ಹಸಿರು ಟೊಮೆಟೊದಂಥ ಕಾಯಿ ಬಿಡುತ್ತದೆ. ಅದು ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಂಡ ಕೂಡಲೇ ಕಿತ್ತುಹಾಕಿ. ಅದರೊಳಗಿನ ಬೀಜ ಬಿತ್ತಿದರೆ ಪ್ರತಿಯೊಂದೂ ಬೇರೆ ಬೇರೆ ಗುಣದ ಗಿಡವಾಗುತ್ತದೆ. 1870ರ ದಶಕದಲ್ಲಿ ಅಮೆರಿಕದ ಲೂಥರ್ ಬರ್‌ಬ್ಯಾಂಕ್ ಇಂಥ ಒಂದೇ ಕಾಯಿಯ 23 ಬೀಜಗಳನ್ನು ಬೆಳೆಸಿ, ಅದರಲ್ಲಿ ಒಂದನ್ನು ಆರಿಸಿ ಹೊಸ ತಳಿ ಮಾಡಿದರು. ಅದರ ವಂಶದ ರಸೆಟ್ ಬರ್‌ಬ್ಯಾಂಕ್ ಇವತ್ತಿಗೂ ಫ್ರೆಂಚ್ ಫ್ರೈಸ್‌ಗೆ ಹೆಸರಾದ ಆಲೂಗಡ್ಡೆ. ಕುತೂಹಲಕ್ಕೆ ಬಿತ್ತಿ ನೋಡುವುದು ಸರಿ, ಬೆಳೆಗಂತೂ ಗಡ್ಡೆಯೇ ದಾರಿ.

ಅಗೆಯುವ ಸಮಯವನ್ನು ಗಿಡವೇ ಹೇಳುತ್ತದೆ. ಬೇಗ ಬರುವ ತಳಿಗಳು 70–90 ದಿನ, ಮಿಕ್ಕವು 100–120 ದಿನ ತೆಗೆದುಕೊಳ್ಳುತ್ತವೆ. ಕೆಳಗಿನ ಎಲೆಗಳು ಹಳದಿಯಾಗಿ, ಕಾಂಡ ಬಾಗತೊಡಗಿದಾಗ ನೀರು ನಿಲ್ಲಿಸಿ. ಸೊಪ್ಪು ಒಣಗಿದ ಮೇಲೂ ಹತ್ತು ಹದಿನೈದು ದಿನ ಗಡ್ಡೆಯನ್ನು ಮಣ್ಣಿನಲ್ಲೇ ಬಿಡಿ. ಆಗ ಸಿಪ್ಪೆ ಗಟ್ಟಿಯಾಗುತ್ತದೆ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಕಾಯಬೇಕು. ನಿಮ್ಮ ಗಿಡ ಇನ್ನೂ ಹಸಿರಾಗಿದ್ದಾಗಲೇ ಚೀಲ ಸುರಿದಿದ್ದರೆ ಅದೂ ಗಡ್ಡೆ ಸಣ್ಣದಾಗಲು ಒಂದು ಕಾರಣ. ಗಾತ್ರ ಹೆಚ್ಚುವುದು ಕೊನೆಯ ವಾರಗಳಲ್ಲೇ. ಎಳೆ ಗಡ್ಡೆಯ ಆಸೆಯಿದ್ದರೆ 60–70 ದಿನಕ್ಕೆ ಬುಡದ ಮಣ್ಣನ್ನು ಕೈಯಲ್ಲೇ ಮೆಲ್ಲಗೆ ಸರಿಸಿ, ಎರಡು ಮೂರು ತೆಗೆದುಕೊಂಡು ಮತ್ತೆ ಮುಚ್ಚಿಬಿಡಿ. ಗಿಡಕ್ಕೆ ಗೊತ್ತೂ ಆಗುವುದಿಲ್ಲ.

ಎಷ್ಟು ಸಿಗಬೇಕು? ನೆಲದಲ್ಲಿ, ತಂಪು ಚೆನ್ನಾಗಿದ್ದರೆ ಗಿಡಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ. ಚೀಲದಲ್ಲಿ ಅರ್ಧ ಕಿಲೋ ಬಂದರೆ ಅದು ಒಳ್ಳೆಯ ಬೆಳೆಯೇ. ಅದಕ್ಕಿಂತ ದೊಡ್ಡ ಲೆಕ್ಕ ಹೇಳುವವರನ್ನು ಸುಮ್ನೆ ನಂಬಬೇಡಿ.

ಅಗೆದ ಗಡ್ಡೆ ತೊಳೆಯಬೇಡಿ. ಮಣ್ಣು ಕೊಡವಿ, ಕತ್ತಲೆಯ ಗಾಳಿಯಾಡುವ ಜಾಗದಲ್ಲಿ ಹತ್ತು ದಿನ ಹರಡಿ. ಗೀರುಗಳು ಮಾಯುತ್ತವೆ. ಗುದ್ದಲಿ ತಾಗಿದವನ್ನು ಮೊದಲು ತಿಂದು ಮುಗಿಸಿ. ಆಮೇಲೆ ಸೆಣಬಿನ ಚೀಲದಲ್ಲೋ ಬುಟ್ಟಿಯಲ್ಲೋ, ಕತ್ತಲೆ ಮತ್ತು ತಂಪಿನಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೆವರುತ್ತದೆ. ಫ್ರಿಜ್ ಕೂಡ ಬೇಡ. 6 ಡಿಗ್ರಿಗಿಂತ ತಣ್ಣಗಾದರೆ ಪಿಷ್ಟ ಸಕ್ಕರೆಯಾಗುತ್ತದೆ. ಅಂಥ ಗಡ್ಡೆ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕವೂ ಜಾಸ್ತಿ ಹುಟ್ಟುತ್ತದೆ.

ಮುಂದಿನ ಸಲಕ್ಕೆ ಬಿತ್ತನೆಯನ್ನು ನಿಮ್ಮದರಲ್ಲೇ ಉಳಿಸಿಕೊಳ್ಳಬಹುದು. ಆದರೆ ಆಯ್ಕೆ ಮಾಡುವುದು ಅಗೆದ ರಾಶಿಯಿಂದಲ್ಲ. ಗಿಡ ಹಸಿರಾಗಿದ್ದಾಗಲೇ, ಎಲೆ ಮುದುಡದ, ಬಣ್ಣ ಮಾಸದ, ಗಟ್ಟಿಮುಟ್ಟಾದ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಿ. ಅವುಗಳ ಗಡ್ಡೆಯನ್ನೇ ಬೇರೆ ಇಡಿ. ರಾಶಿಯಲ್ಲಿ ಉಳಿದ ಸಣ್ಣವನ್ನೇ ಬಿತ್ತನೆಗೆ ಇಟ್ಟುಕೊಂಡರೆ ನಂಜು ಹಿಡಿದ ಗಿಡದ ಗಡ್ಡೆಗಳೇ ಮತ್ತೆ ಮತ್ತೆ ಆಯ್ಕೆಯಾಗುತ್ತವೆ. ಹೀಗೆ ಎಚ್ಚರದಿಂದ ಆರಿಸಿದರೂ ಎರಡು ಮೂರು ಬೆಳೆಯಾದ ಮೇಲೆ ಹೊಸ ಬಿತ್ತನೆ ತನ್ನಿ. ಬಿತ್ತನೆಗೆಂದು ಇಟ್ಟ ಗಡ್ಡೆಗೆ ಮಂದ ಬೆಳಕು ಬಿದ್ದು ಹಸಿರಾದರೆ ಒಳ್ಳೆಯದೇ, ಮೊಳಕೆ ಗಿಡ್ಡಗೆ ಗಟ್ಟಿಯಾಗಿ ಬರುತ್ತದೆ. ಆ ಬುಟ್ಟಿಯ ಮೇಲೆ ಮಾತ್ರ "ಬಿತ್ತನೆ, ತಿನ್ನಬಾರದು" ಅಂತ ಚೀಟಿ ಅಂಟಿಸಿ, ಅಡುಗೆಯ ಆಲೂಗಡ್ಡೆಯಿಂದ ದೂರ ಇಡಿ.